ಲೇಡೀಸ್ ಡಬ್ಬಾದ ಸುಜನ್

ಡೊಂಬಿವಲಿ
ಜುಲೈ 14, 2024

ನನ್ನ ಪ್ರೀತಿಯ ಅಮ್ಮ,

ಕಾಲುನೋವು ಹೇಗಿದೆ? ದೊಡ್ಡಮ್ಮ ನಿನ್ನನ್ನು ದಿನಾ ನಡೆಸುತ್ತಿದ್ದಾರೆ ತಾನೇ? ಫೋನಿನಲ್ಲಿ ಸುಜನನಿಗೆ ಜ್ವರ ಎಂದಿದ್ದೆ. ಜ್ವರವಲ್ಲ ಅಮ್ಮ. ನಿನ್ನ ಸ್ವರ ಕೇಳಿದರೆ ನನಗೆ ಮಾತೇ ಹೊರಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನೀನು ಊರಿಗೆ ಹೋದ ಮೇಲೆ ತಮ್ಮನನ್ನು ಕಳ್ವಾ ಸ್ಟೇಷನ್ ಬಳಿಯ ವಿಶೇಷ ಮಕ್ಕಳ ತರಬೇತಿ ಕೇಂದ್ರಕ್ಕೆ ನಾನೇ ಲೋಕಲ್ ರೈಲಿನ ಜನರಲ್ ಡಬ್ಬಾದಲ್ಲಿ ಕರೆದೊಯ್ಯುತ್ತಿದ್ದೆ. ಕಳೆದ ವಾರ ಪ್ಲಾಟ್‌ಫಾರ್ಮಿನ ನೂಕುನುಗ್ಗಲಲ್ಲಿ ಕೈ ತಪ್ಪಿತು. ಅವನು ಸೀದಾ ಲೇಡೀಸ್ ಡಬ್ಬಾ ಹತ್ತಿದ. ಚಿಕ್ಕಂದಿನಿಂದ ನಿನ್ನ ಜೊತೆ ಅಲ್ಲೇ ಕೂತವನಲ್ಲವೇ? ಮೀಸೆ ಬಂದ ಮೇಲೂ ಆ ಹೆಂಗಸರು ಜರುಗಿ ಜಾಗ ಕೊಡುತ್ತಿದ್ದರು, ಟಿಫಿನ್ ಬಿಚ್ಚಿ ತಿನ್ನಿಸುತ್ತಿದ್ದರು. ಅಂದು ಅವರಾರೂ ಇರಲಿಲ್ಲ. ಹೆದರಿಕೆಗೆ ಪಕ್ಕದ ಹುಡುಗಿಯ ದುಪಟ್ಟಾವನ್ನು ನಿನ್ನ ಸೆರಗು ಹಿಡಿದಂತೆ ಮುಷ್ಟಿಯಲ್ಲಿ ಹಿಡಿದುಕೊಂಡ. ಅವಳು ಎಳೆದಷ್ಟೂ ಬಿಗಿ ಹಿಡಿದ. ಅವಳು ಕಿರುಚಿಕೊಂಡಳು, ಮುಂದಿನ ಸ್ಟೇಷನ್ನಿನಲ್ಲಿ ಅವನನ್ನು ಇಳಿಸಿ ಪೊಲೀಸರಿಗೆ ಒಪ್ಪಿಸಿದರು.

ಪೊಲೀಸರು ಕೇಳಿದ್ದಕ್ಕೆಲ್ಲ ಕೈಮುಗಿದು, ಸಾರಿ ಸಾಬ್, ಗಲತಿ ಹೋ ಗಯಾ ಎಂದನಂತೆ. ಯಾರು ಗದರಿದರೂ ಹಾಗೆ ತಪ್ಪಾಯಿತು ಎಂದುಬಿಡು ಎಂದು ಕಲಿಸಿದವರು ನಾವೇ. ಬೇರೆ ಯಾರದೋ ಸರ ಕದ್ದದ್ದು ನೀನೇನಾ ಎಂದಾಗಲೂ ಅದೇ ಮಾತು! ಸರದ ವಿಷಯ ನಿಲ್ಲುವುದಿಲ್ಲ ಎನ್ನುತ್ತಾರೆ ವಕೀಲರು. ದುಪಟ್ಟಾದ ಕೇಸು ನಡೆಯುತ್ತದೆ. ಜಾಮೀನು ಸಿಕ್ಕಿದೆ, ಆದರೆ ಇನ್ನೊಮ್ಮೆ ಹೀಗಾದರೆ ಅವನನ್ನು ಮನೆಯಲ್ಲಿ ಇಟ್ಟುಕೊಳ್ಳಲು ಕೋರ್ಟಿನವರು ಬಿಡಲಾರರು. ನನಗೆ ಇದೊಂದೇ ಭಯ.

ಪಾಪ, ಅವನಿಗೇನು ಗೊತ್ತು ಎನ್ನಬೇಡ. ಠಾಣೆಯಲ್ಲಿ ಆ ಹುಡುಗಿ ನಿಕಿತಾಳಿಗೆ ನಾನೂ ಅದನ್ನೇ ಹೇಳಿದೆ. ನನಗೂ ಗೊತ್ತಿರಲಿಲ್ಲವಲ್ಲ ದೀದಿ, ಎಂದಳು. ನನಗೆ ನಾಚಿಕೆಯಾಯಿತು ಅಮ್ಮ.

ಕೇಂದ್ರದ ಜಯಶೀಲ ಮೇಡಂ ಅವನಿಗೆ ಈಗ ಮತ್ತೆ ಮೊದಲಿನಿಂದ ಕಲಿಸುತ್ತಿದ್ದಾರೆ. ಕೇಳದೆ ಯಾರನ್ನೂ ಮುಟ್ಟಬಾರದು, ಹೆದರಿಕೆಯಾದರೆ ತನ್ನ ಚೀಲದ ಪಟ್ಟಿ ಹಿಡಿಯಬೇಕು, ಮಾಡದ್ದನ್ನು ಮಾಡಿಲ್ಲ ಎನ್ನಬೇಕು. ಕೊನೆಯದೊಂದು ಅವನ ಬಾಯಿಗೆ ಬರುತ್ತಲೇ ಇಲ್ಲ. ಕಲಿಯುತ್ತಾನೆ, ಸಮಯ ಬೇಕು ಎನ್ನುತ್ತಾರೆ ಮೇಡಂ. ನೀನು ಅವಸರ ಮಾಡಿ ಹೊರಡಬೇಡ.

ನಿನ್ನ ಮಗಳು,
ಅನುಷ್ಕಾ

ಮರೆತ ಮಾತು: ಇವತ್ತು ರಸ್ತೆ ದಾಟುವಾಗ ನಾನೇ ಅವನತ್ತ ಕೈ ಚಾಚಿದೆ. ಎರಡೂ ಕೈ ಜೇಬಿಗೆ ತುರುಕಿಕೊಂಡು, ಗಲತಿ ಹೋ ಗಯಾ ಎಂದ. ನೀನು ಬಂದ ದಿನ ಅವನು ನಿನ್ನ ಸೆರಗು ಹಿಡಿಯದಿದ್ದರೆ, ಅವನೆದುರು ಅಳಬೇಡ ಅಮ್ಮ.