ನಿಲ್ಲಬೇಕಿದ್ದ ವಿಮಾನ

ಹ್ವಾಯ್,

ಈ ಪತ್ರ, ನಿಮ್ಮಲ್ಲಿಗೆ ಹೊರಟ ಅತ್ತೆಯ ಚೀಲದಲ್ಲಿ ಇಟ್ಟೆ. ಫೋನಲ್ಲಿ ಬರೆದರೆ ನಿಮ್ಮ ಕಂಪನಿಯವರು ನೋಡ್ತಾರೋ ಅಂತ ಹೆದರಿಕೆ.

ಬೊಂಬಾಯಿಯಲ್ಲಿ ನಿಮ್ಮ ಕೈಗೆ ರಿಪೇರಿಗೆ ಬಂದ ವಿಮಾನದ ನಂಬರು ಕೊಟ್ಟು, ಮೊಬೈಲಲ್ಲಿ ನೋಡ್ಲಿಕ್ಕೆ ಕಲಿಸಿದ್ದು ನೀವೇ. ಅದು ನಿಂತಿದ್ದರೆ ನಿಮಗೆ ಕೆಲಸ, ಹಾರಿದರೆ ನಾನು ಫೋನ್ ಮಾಡ್ಬಹುದು.

ಈ ಸಲ, "ರೆಕ್ಕೆಯಲ್ಲಿ ಬಿರುಕು ಉಂಟು, ಒಂದು ವಾರ ಏಳೂದಿಲ್ಲ" ಅಂದಿದ್ರಿ. ಮರುದಿನವೇ ಅದು ಮಂಗಳೂರಿಗೆ ಬಂದು ಹೋಯ್ತು. ಫೋನ್ ಮಾಡಿದೆ, ನೀವು ಎತ್ತಲಿಲ್ಲ. ಸಂಜೆ ನೀವೇ ಮಾಡಿ, "ಅಮ್ಮನ್ನ ವಿಮಾನಕ್ಕೆ ಹತ್ತಿಸ್ಬೇಡ, ಬೈಂದೂರಿಂದ ರೈಲಿಗೆ ಕಳ್ಸು" ಅಂದ್ರಿ. ಎಂತಕ್ಕೆ ಅಂತ ಕೇಳಿದ ಕೂಡ್ಲೇ ಕಟ್ ಮಾಡಿದ್ರಿ.

ನಮ್ಮ ನಾವುಂದದಲ್ಲಿ ಒಡೆದ ದೋಣಿಯನ್ನು, ಆಚಾರಿ ಸರಿ ಅನ್ನುವ ತನಕ ಯಾರೂ ನೀರಿಗೆ ಇಳಿಸೂದಿಲ್ಲ. ಅಲ್ಲಿ ಸರಿ ಅಂತ ಸಹಿ ಹಾಕೂದು ನೀವಲ್ದಾ?

ನಂಗೆ ಉತ್ತರ ಬೇಡ. ಆದರೆ ಪಕ್ಕದ ಮನೆಯ ವಿಜೇತಾ, ಬರುವ ಗುರುವಾರ ಮಗುವನ್ನು ಎತ್ತಿಕೊಂಡು ಅದೇ ವಿಮಾನದಲ್ಲಿ ಹೋಪವಳು. ಅತ್ತೆಗೆ ಯಾಕೆ ರೈಲು ಅಂತ ಈಗಷ್ಟೇ ಕೇಳಿದಳು. ಅತ್ತೆಗೆ ವಿಮಾನ ಅಂದರೆ ಹೆದರಿಕೆ ಅಂತ ಸುಳ್ಳು ಹೇಳಿದೆ. ಅವಳು ನಗಾಡಿದಳು.

ಇದನ್ನು ಓದಿದ ಕೂಡ್ಲೇ ಫೋನ್ ಮಾಡಿ. ನಂಗಲ್ಲ, ಅವಳಿಗೆ.

ನಿಮ್ಮ
ಚಂದ್ರಮತಿ