ಸಭಾಪಾಲಕನ ತಾಯಿ

ಬಂದರ್, ಮಂಗಳೂರು
೧೯೨೬ನೇ ಇಸವಿ, ಏಪ್ರಿಲ್ ೧೯

ಪ್ರೀತಿಯ ತಮ್ಮ ಗುರುವಪ್ಪನಿಗೆ ಅಕ್ಕನ ಆಶೀರ್ವಾದಗಳು.

ಸೌಖ್ಯವೇ? ಹುಬ್ಬಳ್ಳಿಯ ಬಿಸಿಲಿಗೆ ಮೂಗಿನಿಂದ ರಕ್ತ ಬರುತ್ತದೆಂದು ಬರೆದಿದ್ದೆಯಲ್ಲ, ಈಗ ಹೇಗಿದೆ? ಚಿಕ್ಕಂದಿನಿಂದಲೂ ನಿನ್ನ ದೇಹಕ್ಕೆ ಉಷ್ಣ ಆಗುವುದಿಲ್ಲ, ಮಜ್ಜಿಗೆ ಕುಡಿಯುತ್ತಿರು. ನಾನೂ ಮಕ್ಕಳೂ ಚೆನ್ನಾಗಿದ್ದೇವೆ. ಅಮ್ಮನ ವಿಷಯದಲ್ಲಿ ಹಾಗೆ ಬರೆಯಲಾರೆ.

ನಿನಗೆ ಸಭಾಪಾಲಕನಾಗಿ ದೀಕ್ಷೆಯಾದ ಸುದ್ದಿ ಬಂದ ದಿನ ಅಮ್ಮ ನಮ್ಮ ಮಿಶನ್ ದೇವಾಲಯದ ಅಂಗಳ ಗುಡಿಸುತ್ತಿದ್ದಳು. ಹಿಡಿಸೂಡಿ ಕೈಯಲ್ಲಿದ್ದ ಹಾಗೆಯೇ ಮೀನು ಮಾರುವ ಹಬೀಬಾಳ ತನಕ ಹೋಗಿ, "ನನ್ನ ಮಗ ಅಯ್ಯ ಆದ" ಎಂದು ಹೇಳಿ ಬಂದಳು. ನಿನಗೆ ನೆನಪಿರಬೇಕು, ಅಪ್ಪ ತೀರಿಕೊಂಡ ಮೇಲೆ ಅವಳು ಈ ಕೆಲಸಕ್ಕೆ ಸೇರಿದಳು. ಅವಳು ಬೆಂಚು ಒರಸುವಾಗ ನೀನು ಪ್ರಸಂಗಪೀಠದ ಮೆಟ್ಟಿಲಲ್ಲಿ ನಿಂತು ಬೈಬಲಿನ ವಚನ ಹೇಳುತ್ತಿದ್ದೆ. "ಜೋರಾಗಿ ಹೇಳು ಮಗಾ, ಹಿಂದಿನ ಬೆಂಚಿಗೆ ಕೇಳಬೇಕು" ಎನ್ನುತ್ತಿದ್ದಳು. ಕರ್ತನ ಭೋಜನದ ಮೇಜಿನ ಬಟ್ಟೆಯನ್ನು ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲ. ತಾನೇ ಒಗೆದು, ಗಂಜಿ ಹಾಕಿ, ಒಣಗಿಸಿ ಹಾಸಬೇಕು. ಅಪ್ಪನ ಸಮಾಧಿಯ ಸುತ್ತಲಿನ ಹುಲ್ಲು ಕಿತ್ತು ಮುಗಿಸಿಯೇ ಮನೆಗೆ ಬರುತ್ತಿದ್ದಳು.

ಫೆಬ್ರವರಿಯಲ್ಲಿ ಸಭೆಯ ಹಿರಿಯರಾದ ಪೂವಪ್ಪನವರು ಅವಳನ್ನು ಕರೆದು, ಇನ್ನು ಬರುವುದು ಬೇಡ, ವಿಶ್ರಾಂತಿ ಮಾಡಿ ಎಂದರು. ಅವಳಿಗೆ ಏನೂ ಅರ್ಥವಾಗಲಿಲ್ಲ. ನಾನು ಹೋಗಿ ಕೇಳಿದೆ. "ನಿನ್ನ ತಮ್ಮನೇ ಕೇಳಿಕೊಂಡದ್ದು ಮಾರಾಯ್ತಿ. ನಾಳೆ ಇಲ್ಲಿಗೆ ಸಭಾಪಾಲಕನಾಗಿ ಬರುವಾಗ ತಾಯಿ ಅಂಗಳ ಗುಡಿಸಿಕೊಂಡಿರುವುದು ಚೆಂದ ಅಲ್ಲವಂತೆ. ನಾವೆಂತ ಮಾಡುವುದು?" ಎಂದರು. ಅಮ್ಮನಿಗೆ ಇದುವರೆಗೂ ಹೇಳಿಲ್ಲ.

ಕೆಲಸ ಬಿಟ್ಟ ಮೇಲಿನ ಮೊದಲ ಭಾನುವಾರ ಅವಳು ಕುಳಿತ ಬೆಂಚಿನಲ್ಲಿ ಧೂಳಿತ್ತು. ಸೆರಗಿನಿಂದ ಒರಸಿದಳು. ಹೊಸದಾಗಿ ಸೇರಿದ ಹೆಂಗಸು ಓಡಿ ಬಂದು, "ನೀವು ಮುಟ್ಟಬೇಡಿ ಅಮ್ಮಾ, ನನಗೆ ಬೈತಾರೆ" ಎಂದಳು. ಅಂದಿನಿಂದ ಅಮ್ಮ ಆರಾಧನೆಗೆ ಬಂದಿಲ್ಲ. ಪುನರುತ್ಥಾನದ ಹಬ್ಬಕ್ಕೂ ಬರಲಿಲ್ಲ. ಗಂಜಿ ಮುಂದಿಟ್ಟರೆ ಎರಡು ತುತ್ತು, ಅಷ್ಟೆ. "ನಾನು ಎಂತ ತಪ್ಪು ಮಾಡಿದ್ದು, ಅಮ್ಮಣೀ?" ಎಂದು ಕೇಳುತ್ತಾಳೆ. ನಾನು ಒಲೆಯ ಕಡೆ ತಿರುಗಿಕೊಳ್ಳುತ್ತೇನೆ. ಡಾಕ್ಟರು ನೋಡಿ, ರೋಗ ಏನೂ ಇಲ್ಲ, ಜೀವದ ಮೇಲೆ ಆಸೆಯಿಲ್ಲ ಎಂದರು.

ಈಗ ನೀನು ಇಲ್ಲಿಗೆ ಬರುವುದೂ ಇಲ್ಲವಂತೆ. ಅಲ್ಲಿಯೇ ಇದಕ್ಕಿಂತ ದೊಡ್ಡ ಸಭೆ ಕೊಡುತ್ತಾರಂತೆ. ನಿನ್ನ ಏಳಿಗೆಯನ್ನು ನಾನು ಬೇಡವೆನ್ನುವುದಿಲ್ಲ. ಆದರೆ ನೀನು ಬರುವ ದಾರಿಗಾಗಿ ಅಮ್ಮನನ್ನು ಬದಿಗೆ ಸರಿಸಿದೆ, ಆ ದಾರಿಯಲ್ಲಿ ನೀನೇ ಬರಲಿಲ್ಲ. ಹೊಸ ಹೆಂಗಸು ವಿಧವೆ, ಮಕ್ಕಳೊಂದಿಗಳು. ಅವಳನ್ನು ಬಿಡಿಸಿ ಅಮ್ಮನನ್ನು ಸೇರಿಸಿ ಎಂದು ನಾನು ಯಾವ ಬಾಯಲ್ಲಿ ಕೇಳಲಿ?

ನಿನ್ನ ಹೆಂಡತಿಗೂ ಮಗುವಿಗೂ ನನ್ನ ಪ್ರೀತಿ ತಿಳಿಸು. ದೇವರು ನಿಮ್ಮನ್ನು ಕಾಯಲಿ.

ನಿನ್ನ ಅಕ್ಕ,
ಅಮ್ಮಣಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅಮ್ಮ ಕರೆದಳು. ಯಾರಿಗೆ ಕಾಗದವೆಂದು ಕೇಳಿದಳು. ನಿನಗೆ ಎಂದೆ. ಮೆಲ್ಲಗೆ ಎದ್ದು ಕುಳಿತು, "ಅವನಿಗೆ ಒಂದು ಮಾತು ಬರಿ. ಅವನೀಗ ದೊಡ್ಡ ಅಯ್ಯ ಅಲ್ವಾ, ಅವನು ಹೇಳಿದರೆ ಪೂವಪ್ಪನವರು ಕೇಳ್ತಾರೆ. ನನ್ನ ಕೆಲಸ ವಾಪಸ್ ಕೊಡಿಸಲಿಕ್ಕೆ ಹೇಳು. ನನ್ನಿಂದ ತಪ್ಪಾಗಿದ್ದರೆ ಕ್ಷಮಿಸಬೇಕು ಅಂತಲೂ ಬರಿ" ಎಂದಳು. ಬರೆದಿದ್ದೇನೆ. ಬರೆದೆಯಾ ಎಂದು ಮತ್ತೆ ಕೇಳುತ್ತಿದ್ದಾಳೆ. ನೀನು ಏನು ಉತ್ತರ ಬರೆಯುತ್ತೀಯೋ ಅದನ್ನೇ ಅವಳಿಗೆ ಓದಿ ಹೇಳುತ್ತೇನೆ.