ಮಿಲ್‌ಗ್ರೋವ್‌ನಲ್ಲಿ ಹೊಡೆದ ಮೂರು ಹಿಟ್

ಮಾರ್ಚ್ 4, 1991
ಮೊಣಕಾಲು ಇವತ್ತೂ ಹಿಡ್ಕೊಂಡಿದೆ. ಟೊಮೆಟೊ ಬೀಜ ಟ್ರೇಗೆ ಹಾಕಿದೆ. ಅಂಚೆಯಲ್ಲಿ ಲಿಂಡ್‌ಕ್ವಿಸ್ಟ್ ಅನ್ನೋ ಮೇಷ್ಟ್ರ ಕಾಗದ. ಹಳೇ ಸಣ್ಣ ಲೀಗ್‌ಗಳ ಬೇಸ್‌ಬಾಲ್ ದಾಖಲೆ ಪುಸ್ತಕ ಮಾಡ್ತಿದ್ದಾರಂತೆ. ನನ್ನ ಸಾಲು ಕಳಿಸಿದ್ದಾರೆ: ಎಮಿಲ್ ಹ್ರುಷ್ಕಾ, ಬ್ಲ್ಯಾಕ್ ಫೋರ್ಕ್ ತಂಡ, 1949. ಬ್ಯಾಟ್ ಹಿಡಿದದ್ದು 393 ಸಲ, ಹಿಟ್ 118. ಸರಾಸರಿ .300, ಒಳ್ಳೇ ಬ್ಯಾಟರ್ ಅನ್ನಿಸಿಕೊಳ್ಳೋ ಗೆರೆ. ಸರಿಯಿದ್ದರೆ ಸಹಿ ಮಾಡಿ ಅಂತ.
ಪೆನ್ನು ತಗೊಂಡೆ. ಕೆಳಗಿಟ್ಟೆ.

ಮಾರ್ಚ್ 9
ಸರಿಯಿಲ್ಲ. ಅದರಲ್ಲಿ ಮೂರು ಹಿಟ್ ನನ್ನ ತಮ್ಮ ವಿಕ್ಟರ್‌ದು.
ಆ ವರ್ಷ ಮಿಲ್‌ಗ್ರೋವ್‌ನಲ್ಲಿ ಮ್ಯಾಚು. ಹಿಂದಿನ ದಿನ ನನ್ನ ಹೆಬ್ಬೆರಳು ಮುರಿದಿತ್ತು. ಗೊತ್ತಾದ್ರೆ ತಂಡದಿಂದ ತೆಗೀತಾರೆ ಅನ್ನೋ ಭಯ. ಮ್ಯಾನೇಜರ್ ಊರಲ್ಲಿರಲಿಲ್ಲ. ನನ್ನ ಆಟ ನೋಡೋಕೆ ಅಂತ ಬಂದಿದ್ದ ತಮ್ಮ—ಗಣಿ ಕೆಲಸದವನು, ನನ್ನದೇ ಮುಖ—ನನ್ನ ಶರ್ಟ್ ತೊಟ್ಟು ಇಳಿದ. ಹುಡುಗರೆಲ್ಲ ಬಾಯಿ ಮುಚ್ಕೊಂಡ್ರು. ನಾನು ತಂಡದ ಬಸ್ಸಲ್ಲಿ, ಐಸ್ ಬಕೆಟ್ಟಿಗೆ ಕೈ ಅದ್ದಿ ಕೂತಿದ್ದೆ. ಜನ ಕೂಗಿದ್ದು ಕೇಳಿಸ್ತು. ಏನೂ ಕಾಣಲಿಲ್ಲ.
ವಾಪಸ್ ಬರ್ತಾ ನಕ್ಕಿದ್ದ—"ಪೇಪರಲ್ಲಿ ನಿನ್ನ ಹೆಸರೇ ಬರತ್ತೆ ಬಿಡೋ. ನಾಲ್ಕು ದಿನ ಊರಲ್ಲಿ ಮೆರೆದುಬಿಡು."
ಮೆರೆದೆ. ಅಮ್ಮ ಆ ಪೇಪರ್ ಚೂರನ್ನ ಬೈಬಲ್ಲಲ್ಲಿಟ್ಟಳು. ಮುಂದಿನ ವರ್ಷ ಅವನು ಕೊರಿಯಾ ಯುದ್ಧಕ್ಕೆ ಹೋದ... ಅಲ್ಲೇ ಮಣ್ಣಾದ. ಆಮೇಲೆ ಯಾವ ಬಾಯಲ್ಲಿ ಹೇಳಲಿ?

ಮಾರ್ಚ್ 10, ಭಾನುವಾರ
ಚರ್ಚ್ ಮುಗಿಸಿ ಆಗ್ನೆಸ್ ಅಕ್ಕನ ಮನೇಲಿ ಎಲೆಕೋಸಿನ ಎಲೆಯಲ್ಲಿ ಮಾಂಸ ಸುತ್ತಿ ಬೇಯಿಸಿದ ಹಾಲುಪ್ಕಿ. ಎಲ್ಲಾ ಹೇಳಿದೆ. ಚಮಚ ಕೆಳಗಿಟ್ಟಳು.
"ನಲವತ್ತೆರಡು ವರ್ಷ ಬಾಯಿ ಹೊಲ್ಕೊಂಡಿದ್ಯೇನೋ, ಕತ್ತೆ?"
"ಹ್ಞೂಂ."
"ಮೂರು ಹಿಟ್ ಹೋದ್ರೆ ನಿನ್ನ ಮುನ್ನೂರರ ಸರಾಸರಿ ಎಷ್ಟಾಗತ್ತೆ?"
"ಇನ್ನೂರ ತೊಂಬತ್ತಾರು."
"ಮೊಮ್ಮಕ್ಕಳ ಮುಂದೆ ಕೊಚ್ಕೊಳ್ಳೋಕೆ ಅಷ್ಟು ಸಾಲದಾ? ಮೇಷ್ಟ್ರಿಗೆ ಕಾಗದ ಬರಿ."

ಮಾರ್ಚ್ 19
ಮೇಷ್ಟ್ರ ಉತ್ತರ. ಮರ್ಯಾದಸ್ಥ ಮನುಷ್ಯ. ಬರೀ ನಿಮ್ಮ ಮಾತಿನ ಮೇಲೆ ದಾಖಲೆ ತಿದ್ದೋಕಾಗಲ್ಲ, ಇನ್ನೊಬ್ಬ ಸಾಕ್ಷಿ ಬೇಕು ಅಂತಾರೆ. ನಮ್ಮ ಹುಡುಗರಲ್ಲಿ ಒಬ್ಬನೂ ಉಳಿದಿಲ್ಲ. ಅವತ್ತು ಎದುರು ತಂಡಕ್ಕೆ ಚೆಂಡೆಸೆದವನು ಆರ್ವಿಲ್ ಕ್ಲಿಂಕ್. ಫೋನ್ ಪುಸ್ತಕದಲ್ಲಿ ಹೆಸರಿದೆ.

ಮಾರ್ಚ್ 23
ಆರ್ವಿಲ್ ಮನೆಗೆ ಹೋಗಿ ಬಂದೆ. ಮೂಗಲ್ಲಿ ಆಕ್ಸಿಜನ್ ಪೈಪು. ನಾಲಿಗೆ ಮಾತ್ರ ಚೂಪು.
"ಹ್ರುಷ್ಕಾ! ಬಲಗೈ ಬ್ಯಾಟರ್ ಅಲ್ವೇನಯ್ಯಾ ನೀನು? ಆ ಒಂದು ದಿನ ಎಡಗಡೆ ನಿಂತು ನನ್ನ ಮಾನ ಕಳೆದೆ. ಹೆಂಡ್ತಿಗೆ ಎಷ್ಟು ಸಲ ಹೇಳಿದೀನೋ—ಒಂದ್ಸಲಾನೂ ನಂಬಲಿಲ್ಲ ಇವಳು!"
"ಅದು ನಾನಲ್ಲ, ಆರ್ವಿಲ್. ನನ್ನ ತಮ್ಮ."
ಬಾಯಿ ತೆರೆದು ನನ್ನನ್ನೇ ನೋಡಿದ. ಆಮೇಲೆ ಕೆಮ್ಮು ಬರೋವರೆಗೂ ನಕ್ಕ.
"ಹೇಗೆ ಹೊಡೆದ ಹೇಳು. ನಾನು ನೋಡಲಿಲ್ಲ," ಅಂದೆ.
ಹೇಳಿದ. ಮೊದಲನೇದು ಆರ್ವಿಲ್ ಕಾಲ ಸಂದಿಯಲ್ಲೇ ನುಗ್ಗಿ ಹೋಯ್ತಂತೆ. ಎರಡನೇದು ಮೈದಾನದ ಎಡಗೆರೆ ಪಕ್ಕ, ಸುಣ್ಣ ಹಾರಿಸ್ಕೊಂಡು. ಮೂರನೇದು ಬಲಗಡೆ ಬೇಲಿ ದಾಟಿ, ಹೋಗ್ತಿದ್ದ ಕಲ್ಲಿದ್ದಲು ಗೂಡ್ಸ್ ರೈಲಿನ ಒಳಗೆ! "ಓಡಲೇ ಇಲ್ಲ ಕಣಯ್ಯಾ ಅವನು. ಸೊಂಟದ ಮೇಲೆ ಕೈಯಿಟ್ಕೊಂಡು ರೈಲು ನೋಡ್ತಾ ನಿಂತ. ಓಡೋ ಅಂತ ನಾನೇ ಕೂಗಿದೆ."
ಕಣ್ಣಿಗೆ ಕಟ್ಟಿದ ಹಾಗಾಯ್ತು. ಹಾಗೇ ನಿಲ್ತಿದ್ದ ವಿಕ್ಟರ್. ಹಾಗೇ.
ಆರ್ವಿಲ್ ಅಲ್ಲೇ ಸಾಕ್ಷಿ ಬರೆದುಕೊಟ್ಟ. ಅವನ ಹೆಂಡತಿ ಎರಡು ಸಲ ಓದಿ, ಬಗ್ಗಿ ಅವನ ಹಣೆಗೆ ಮುತ್ತಿಟ್ಟಳು.

ಮೇ 2
ಮೇಷ್ಟ್ರು ಒಪ್ಪಿದ್ದಾರೆ. ನನ್ನದು .296. ಕೆಳಗೆ ಹೊಸ ಸಾಲು: ವಿಕ್ಟರ್ ಹ್ರುಷ್ಕಾ, 1949. ಪಂದ್ಯ 1, ಬ್ಯಾಟ್ 4, ಹಿಟ್ 3. ಸರಾಸರಿ .750.
ಅಕ್ಕ ಕನ್ನಡಕ ಒರೆಸಿ ಒರೆಸಿ ಓದಿದಳು. ವಿಕ್ಟರ್ ಬಗ್ಗೆ ತುಂಬೋಕೆ ಒಂದು ಫಾರಂ ಬೇರೆ ಬಂದಿದೆ. ಎತ್ತರ? ನನ್ನಷ್ಟೇ ಅಂತಾಳೆ ಅಕ್ಕ. ಅಲ್ಲ, ಒಂದಿಂಚು ಹೆಚ್ಚು. ತೂಕ 160 ಪೌಂಡ್. ಬ್ಯಾಟಿಂಗ್, ಎಡಗೈ. ಕೊನೇ ಪ್ರಶ್ನೆ—ಆಟ ಬಿಟ್ಟ ಮೇಲೆ ಏನು ಮಾಡಿದರು?
ಸೈನ್ಯ ಅಂತ ಬರೆದೆ. ಇನ್ನೂ ಮೂರು ಗೆರೆ ಖಾಲಿ ಇವೆ. ಸತ್ತಾಗ ಇಪ್ಪತ್ತೆರಡೂ ತುಂಬಿರಲಿಲ್ಲ ಅವನಿಗೆ, ಮೂರು ಗೆರೆಗೆ ನಾನು ಏನಂತ ಬರೀಲಿ...